ಮೂರನೇ ನಂಬರಿನ ಮಂಚ

1999ರ ನವೆಂಬರ್ ತಿಂಗಳ ಒಂದು ಬುಧವಾರ, ಅಣ್ಣ ಆಗ್ರಾದಿಂದ ಮನೆಗೆ ಬರುವ ಹಿಂದಿನ ದಿನ, ಅಪ್ಪ ಅವನ ಮಂಚವನ್ನು ಮುಂದಿನ ಕೋಣೆಯಿಂದ ತೆಗೆದು ಮಾಳಿಗೆಗೆ ಸಾಗಿಸಿದ. ಮಂಚದ ಇನ್ನೊಂದು ತುದಿ ಹಿಡಿದವಳು ನಾನು. ನನಗೆ ಆಗ ಹನ್ನೆರಡು ವರ್ಷ.

ಬಿಬವೇವಾಡಿಯ ಆ ಮನೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ನಾಲ್ಕು ಹೆಜ್ಜೆಯ ಅಂಗಳ ಇದ್ದವು. ಮೇಲಿನ ಮಹಡಿಯಲ್ಲಿ ಮನೆಯ ಮಾಲಕಿ ಶಿಂದೆ ಕಾಕು ಒಬ್ಬರೇ ಇರುತ್ತಿದ್ದರು. ಅವರ ಮನೆಯ ಪಕ್ಕದಿಂದ ಕಿರಿದಾದ ಮೆಟ್ಟಿಲ ಜಿನೆ ಮಾಳಿಗೆಗೆ ಹೋಗುತ್ತಿತ್ತು. ಅಪ್ಪ ಸೈನ್ಯದಿಂದ ಸುಬೇದಾರನಾಗಿ ನಿವೃತ್ತನಾಗಿ ಹಡಪಸರದ ಒಂದು ಕಾರ್ಖಾನೆಯಲ್ಲಿ ಕಾವಲಿನ ಮೇಲ್ವಿಚಾರಕನಾಗಿ ಸೇರಿದಾಗ ನಾವು ಈ ಮನೆಗೆ ಬಂದೆವು. ನಿವೃತ್ತಿಗೆ ಮುಂಚಿನ ಕೆಲವು ವರ್ಷ ಅವನು ಆಗ್ರಾದಲ್ಲಿ ಪ್ಯಾರಾಶೂಟ್ ಜಿಗಿತ ಕಲಿಸುವವನಾಗಿದ್ದ. ಅಲ್ಲಿ ಕಲಿಸುವವರಿಗೆ ಉಸ್ತಾದ್ ಎನ್ನುತ್ತಾರೆ. ಸೈನ್ಯ ಬಿಟ್ಟ ಮೇಲೆ ಅವನಿಗೆ ಕಲಿಸಲು ಉಳಿದವರು ನಾವು ಮೂವರು: ಅವ್ವ, ನಾನು, ನನಗಿಂತ ಎಂಟು ವರ್ಷ ದೊಡ್ಡವನಾದ ಅಣ್ಣ ಬಸವರಾಜ. ಹಾಸಿಗೆಯ ಚಾದರ ಮಡಿಸುವಾಗಲೂ ಪ್ಯಾರಾಶೂಟಿನಂತೆ ಇಬ್ಬರು ಎರಡು ತುದಿ ಹಿಡಿದು ಎಳೆದು ನಿಲ್ಲಬೇಕು, ನಡುವಿನ ಒಂದೊಂದು ಸುಕ್ಕನ್ನೂ ಅಂಗೈಯಿಂದ ಸವರಿ ತೆಗೆಯಬೇಕು, ಆಮೇಲೆ ಮಡಿಕೆ. ಚಾದರದ ಸುಕ್ಕಿನಿಂದ ಯಾರ ಜೀವವೂ ಹೋಗುವುದಿಲ್ಲ ಎಂದು ಅವ್ವ ಎಷ್ಟು ಸಲ ಹೇಳಿದರೂ ಅಪ್ಪ ಕೇಳುತ್ತಿರಲಿಲ್ಲ. ರೂಢಿ ಬಿಟ್ಟರೆ ಕೈ ಕೆಡುತ್ತದೆ ಎನ್ನುತ್ತಿದ್ದ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಪಾಠ ನಡೆಯುತ್ತಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲಿಂದ ಜಿಗಿಯಬೇಕು. ಎರಡೂ ಪಾದ ಜೋಡಿಸಿ, ಮೊಣಕಾಲು ಜೋಡಿಸಿ ಸ್ವಲ್ಪ ಬಾಗಿಸಿ, ಗದ್ದವನ್ನು ಎದೆಗೆ ಒತ್ತಿ, ಮೊಣಕೈಗಳನ್ನು ಒಳಕ್ಕೆ ಹಿಡಿದು ಇಳಿಯಬೇಕು. ಪಾದ ನೆಲ ಮುಟ್ಟಿದ ಕೂಡಲೇ ಒಂದು ಬದಿಗೆ ಉರುಳಬೇಕು. ಮೊದಲು ಮೀನಖಂಡ, ಆಮೇಲೆ ತೊಡೆ, ಆಮೇಲೆ ಸೊಂಟ, ಕೊನೆಗೆ ಬೆನ್ನು. ನೆಲದ ಪೆಟ್ಟು ಒಂದೇ ಕಡೆ ಬೀಳದೆ ಮೈತುಂಬ ಹಂಚಿಹೋಗಬೇಕು. ಕಲ್ಲಿನಿಂದ ಸರಿಯಾಗಿ ಬಂದರೆ ಕಂಪೌಂಡ್ ಗೋಡೆಗೆ ಬಡ್ತಿ.

"ಜಿಗಿಯೂದು ಯಾವನರೇ ಜಿಗೀತಾನ. ನೆಲಕ್ಕ ಹೆಂಗ ಬೀಳ್ತಿ, ಅದು ಕಲಿಯೂದು," ಎನ್ನುತ್ತಿದ್ದ ಅಪ್ಪ.

ನಾಲ್ಕನೆಯ ಇಯತ್ತೆಯಲ್ಲಿದ್ದಾಗ ನಾನು ಸ್ವಾರಗೇಟಿನ ಹತ್ತಿರ ಸಿಟಿ ಬಸ್ಸಿನ ಮೆಟ್ಟಿಲಿನಿಂದ ಬಿದ್ದೆ. ಬಿದ್ದವಳು ಉರುಳಿ ಎದ್ದು ನಿಂತೆ. ಕಂಡಕ್ಟರ್ ಬೈಯುವುದನ್ನು ಮರೆತು ನೋಡುತ್ತಿದ್ದ. ಮನೆಗೆ ಬಂದು ಹೇಳಿದಾಗ ಅಪ್ಪ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡ.

"ಮೊಣಕಾಲು ಕೂಡಿದ್ವೇನ?"

"ಕೂಡಿದ್ವು."

"ಗದ್ದ?"

"ಎದಿಗೆ ಹಚ್ಚಿದ್ನಿ."

"ಮತ್ತ ಮೊಣಕೈ ಯಾಕ ಕೆತ್ತಿತು?"

ಅಡುಗೆಮನೆಯಿಂದ ಅವ್ವ ಅರಿಶಿನದ ಡಬ್ಬಿ ಹಿಡಿದು ಬಂದಳು. "ಪೋರಿ ಬಸ್ಸಿನಿಂದ ಬಿದ್ದಾಳ್ರಿ. ಪರೀಕ್ಷಾ ತಗೋಳಾಕತ್ತೀರಲ್ಲ!"

ಅವ್ವನೂ ತಪ್ಪಿಸಿಕೊಳ್ಳಲಾಗದ ಒಂದು ಪದ್ಧತಿ ಇತ್ತು. ವಿಮಾನದಲ್ಲಿ ಜಿಗಿಯುವ ಮೊದಲು ಎಲ್ಲರೂ ಸಾಲಾಗಿ ನಿಲ್ಲುತ್ತಾರೆ. ತನ್ನ ಬೆನ್ನಿನ ಚೀಲ ಯಾರಿಗೂ ಕಾಣುವುದಿಲ್ಲವಾದ್ದರಿಂದ ಹಿಂದಿನವನು ಮುಂದಿನವನ ಬೆನ್ನು ನೋಡಿ, ಪಟ್ಟಿ ಎಳೆದು ನೋಡಿ, ಭುಜ ತಟ್ಟಿ, ತನ್ನ ನಂಬರ್ ಕೂಗಬೇಕು. ಎಣಿಕೆ ಕೊನೆಯವನಿಂದ ಶುರುವಾಗಿ ಬಾಗಿಲ ಬಳಿ ನಿಂತವನಿಗೆ ಬಂದು ಮುಟ್ಟುತ್ತದೆ. ನಡುವೆ ಒಂದು ನಂಬರ್ ಕೇಳಿಸದಿದ್ದರೂ ಬಾಗಿಲಲ್ಲಿ ನಿಂತ ಉಸ್ತಾದ್ ಯಾರನ್ನೂ ಹೊರಗೆ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಇದು ದಿನಾ ಬೆಳಿಗ್ಗೆ ಏಳೂಕಾಲಿಗೆ ನಡೆಯುತ್ತಿತ್ತು. ಹೊಸ್ತಿಲ ಬಳಿ ಒಂದನೇ ನಂಬರ್ ಅಪ್ಪ, ಹಿಂದೆ ಎರಡನೆಯವಳು ನಾನು, ಮೂರು ಅಣ್ಣ, ನಾಲ್ಕು ಅವ್ವ. ಅವ್ವ ಅಣ್ಣನ ಪುಸ್ತಕದ ಚೀಲದ ಪಟ್ಟಿ ನೋಡಿ "ನಾಲ್ಕು ಓಕೆ" ಎನ್ನಬೇಕು. ಅಣ್ಣ ನನ್ನದನ್ನು ನೋಡಿ "ಮೂರು ಓಕೆ." ನಾನು ಅಪ್ಪನ ಊಟದ ಡಬ್ಬಿ ಅವನ ಚೀಲದಲ್ಲಿದೆಯೇ ಎಂದು ನೋಡಿ "ಎರಡು ಓಕೆ." ಅಪ್ಪ "ಒಂದು ಓಕೆ" ಎಂದು ಹೊಸ್ತಿಲು ದಾಟುತ್ತಿದ್ದ. ಅವ್ವ ಎಲ್ಲಿಗೂ ಹೋಗುವವಳಲ್ಲ, ಆದರೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದಳು. ಒಲೆಯ ಮೇಲೆ ಹಾಲಿದ್ದರೆ ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ಅದನ್ನು ಅಪ್ಪ ಒಪ್ಪುತ್ತಿರಲಿಲ್ಲ. ಮುಟ್ಟದೆ ನೋಡಿದ್ದು ನೋಡಿದ್ದಲ್ಲ ಎನ್ನುವುದು ಅವನ ನಿಯಮ. ಮುಂದೆ ನಾನು ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಮೊದಲ ಸಂಪಾದಕರು ಸುಮಾರಾಗಿ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು.

ಅಪ್ಪನ ಟ್ರಂಕಿನಲ್ಲಿ ಒಂದು ನೀಲಿ ರಟ್ಟಿನ ಪುಸ್ತಕ ಇತ್ತು. ತನ್ನ ಪ್ರತಿಯೊಂದು ಜಿಗಿತವನ್ನೂ ಅದರಲ್ಲಿ ಬರೆದಿದ್ದ. ತಾರೀಖು, ವಿಮಾನ, ಎತ್ತರ, ಗಾಳಿ, ಕೊನೆಯ ಕಾಲಮ್ಮಿನಲ್ಲಿ ಷರಾ. ಷರಾದಲ್ಲಿ ಹೆಚ್ಚಾಗಿ ಇದ್ದದ್ದು ಒಂದೇ ಶಬ್ದ, ಸಾಧಾರಣ. ಒಂದು ಸಲ ಮರದ ಮೇಲೆ ಇಳಿದು ಮೊಣಕಾಲಿನ ಚಿಪ್ಪು ಒಡೆದುಕೊಂಡಿದ್ದ. ಆ ದಿನದ ಷರಾ: ಮರ. ಕೆಲವು ಸಾಲುಗಳಲ್ಲಿ ಬರೀ ಎರಡು ಮಾತು ಇದ್ದವು. ಗಾಳಿ ಜೋರು, ಜಂಪ್ ರದ್ದು. ಗಾಳಿ ಮಿತಿ ಮೀರಿದರೆ ಯಾರೂ ಜಿಗಿಯುವಂತಿಲ್ಲ, ಜಿಗಿಯದಿದ್ದಕ್ಕೆ ಯಾರನ್ನೂ ಕೇಳುವಂತೆಯೂ ಇಲ್ಲ ಎಂದು ಅಪ್ಪ ವಿವರಿಸಿದ್ದ.

ಅವನು ಇಂಥ ಮಾತುಗಳನ್ನು ಆಡುತ್ತಿದ್ದುದು ಊಟಕ್ಕೆ ಕುಳಿತಾಗ ಮಾತ್ರ. ಅಣ್ಣ ಸೈನ್ಯ ಸೇರುವುದು ಗಟ್ಟಿಯಾದ ವರ್ಷ, ಒಂದು ಭಾನುವಾರ ಮಧ್ಯಾಹ್ನ, ರೊಟ್ಟಿ ಮುರಿಯುತ್ತ ಅಣ್ಣ ಕೇಳಿದ.

"ಬಾಗಲದಾಗ ನಿಂತು ಜಿಗೀಲಾರದ ಹೊಳ್ಳಿದವರನ್ನ ಏನ್ ಮಾಡ್ತಾರ ಅಪ್ಪಾ? ಬಡೀತಾರ?"

"ಯಾಕ ಬಡೀಬೇಕು? ಕಳುವು ಮಾಡ್ಯಾನೇನ ಅವ?" ಅಪ್ಪ ಮುಂದುವರಿಸಿದ. "ಎರಡೂ ಕೈಲೆ ಬಾಗಲ ಹಿಡೀತಾನ. ಹಿಡದಾಂವ ಜಿಗಿಯಂಗಿಲ್ಲ, ನೂಕಬಾರದು. ಬಾಜೂಕ ಕುಂದ್ರಸ್ತೀವಿ. ಮೊದಲನೇ ಜಂಪಿಗೆ ಭಾಳ ಮಂದಿ ಹೋಗಿಬಿಡ್ತಾರ, ಏನೂ ಗೊತ್ತಿರೂದಿಲ್ಲಲ್ಲ. ಎರಡನೇದಕ್ಕ ಗೊತ್ತಿರ್ತದ. ಅಲ್ಲೇ ಹೊಳ್ಳೂದು."

"ಆಮ್ಯಾಲ?"

"ಉಳದವರ ಟ್ರಕ್ ಬ್ಯಾರಕಿಗೆ ಬರೂದ್ರೊಳಗ ನಾವು ಅವನ ಹಾಸಿಗಿ ಸುತ್ತಿ, ಟ್ರಂಕು ಆಫೀಸಿನಾಗ ಇಟ್ಟು, ಮಂಚ ತಗದು, ಬಾಜೂಕಿನ ಮಂಚ ಸರಿಸಿಬಿಡ್ತೀವಿ. ಖಾಲಿ ಮಂಚ ಇರಬಾರದು. ಅವನ ಮಾರಿ ಯಾರೂ ನೋಡಬಾರದು, ಹೆಸರು ಎತ್ತಬಾರದು. ಅವತ್ತ ಸಂಜಿಕೇ ರೈಲಿಗೆ ಹತ್ತಿಸಿ ಕಳಸೂದು. ಅದು ಅವಂಗ ಮರ್ಯಾದಿ."

ಆ ಕೆಲಸವನ್ನು ಅಪ್ಪ ಎಷ್ಟು ಸಲ ಮಾಡಿದ್ದನೋ ಹೇಳಲಿಲ್ಲ. ಆದರೆ ತಾನು ಉಸ್ತಾದನಾಗಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೊಂದು ಎಂದು ಅವನು ನಂಬಿದ್ದ. ಅದು ಅವನ ದನಿಯಲ್ಲೇ ಗೊತ್ತಾಗುತ್ತಿತ್ತು.

ಅಣ್ಣ ಸೈನ್ಯಕ್ಕೆ ಹೋದ. ಅಪ್ಪ ನಮ್ಮ ನಂಬರ್ ಬದಲಿಸಿದ. ಅವ್ವ ಮೂರನೆಯವಳಾದಳು. ಎರಡು ವರ್ಷಕ್ಕೆ ಅಣ್ಣ ತಾನಾಗಿ ಹೆಸರು ಕೊಟ್ಟು, ತನ್ನ ದಳದಿಂದ ಆಗ್ರಾಕ್ಕೆ ಜಿಗಿತದ ತರಬೇತಿಗೆ ಹೋದ. ಐದು ಸಲ ಜಿಗಿದರೆ ಎದೆಗೆ ರೆಕ್ಕೆಯ ಬಿಲ್ಲೆ. ಅವನು ಬಂದಾಗ ಆ ಬಿಲ್ಲೆಯನ್ನು ಮೊದಲು ಯಾರು ಮುಟ್ಟಬೇಕು ಎಂದು ನಾನು ಅವ್ವನೊಂದಿಗೆ ಜಗಳ ಮಾಡಿದ್ದೆ.

ಮಂಗಳವಾರ ಮಧ್ಯಾಹ್ನ ಶಿಂದೆ ಕಾಕು ಮೇಲಿನಿಂದ ಬಗ್ಗಿ ಮರಾಠಿಯಲ್ಲಿ ಕೂಗಿದರು. ಬೀದಿಯ ಈ ತುದಿಯಲ್ಲಿ ಫೋನ್ ಇದ್ದದ್ದು ಅವರೊಬ್ಬರ ಮನೆಯಲ್ಲಿ.

"ಅಗಂ ಶೈಲೂ, ಬಾಬಾಂನಾ ಬೋಲಾವ್! ಆಗ್ರ್ಯಾಹೂನ್ ಫೋನ್ ಆಲಾಯ್!"

ಅಪ್ಪನನ್ನು ಕರೆದೆ. ಅವನ ಜೊತೆ ಕೆಲಸ ಮಾಡಿದ್ದ ಒಬ್ಬ ಹಳೆಯ ಉಸ್ತಾದ್ ಆಗ್ರಾದಿಂದ ಫೋನ್ ಮಾಡಿದ್ದ. ನಾನು ಪಕ್ಕದಲ್ಲೇ ನಿಂತಿದ್ದೆ. ಅಪ್ಪ ಆಡಿದ್ದು ಮೂರು ಮಾತು. "ಎರಡನೆಯದಾ?" ಎಂದು ಹಿಂದಿಯಲ್ಲಿ ಕೇಳಿದ. "ಯಾವ ರೈಲು?" ಎಂದ. "ಮೆಹರಬಾನಿ" ಎಂದು ಫೋನ್ ಇಟ್ಟ. ಕೆಳಗೆ ಬಂದು ಅವ್ವನಿಗೆ ಬಸು ಗುರುವಾರ ಬರುತ್ತಾನೆ ಎಂದಷ್ಟೇ ಹೇಳಿದ.

ಮರುದಿನ ಅವ್ವ ತರಕಾರಿ ತರಲು ಭಾಜಿ ಮಂಡಿಗೆ ಹೋದ ಹೊತ್ತು ನೋಡಿ ಅಪ್ಪ ನನ್ನನ್ನು ಕರೆದ. ಹಾಸಿಗೆ ಸುತ್ತಿದ. ಅಣ್ಣನ ಹಳೆಯ ಟ್ರಂಕನ್ನು ಶಿಂದೆ ಕಾಕುವಿನ ಜಿನೆಯ ಕೆಳಗೆ ಇಟ್ಟ. ಗೋಡೆಯ ನಾಲ್ಕು ಗೂಟಗಳಲ್ಲಿ ಅಣ್ಣನದಾದ ಮೂರನೆಯದನ್ನು ಕಿತ್ತು ತೂತಿಗೆ ಸಾಬೂನು ತುಂಬಿದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ತುಳಸಿಯ ಕುಂಡವನ್ನೂ ಇನ್ನೆರಡು ಕುಂಡಗಳನ್ನೂ ಜೋಡಿಸಿಟ್ಟ. ಆಮೇಲೆ ಮಂಚ. ಅದು ಕಬ್ಬಿಣದ ಮಂಚ, ಜಿನೆಯ ತಿರುವಿನಲ್ಲಿ ಸಿಕ್ಕಿಕೊಂಡಿತು. ನಾನು ಕೆಳಗಿನ ತುದಿಯನ್ನು ತಲೆಯ ಮೇಲೆತ್ತಿ ಹೊರಳಿಸಿದೆ. ಕೋಣೆಗೆ ಮರಳಿ ಅಪ್ಪ ನನ್ನ ಮಂಚವನ್ನು ಖಾಲಿ ಜಾಗಕ್ಕೆ ಸರಿಸಿದ. ಮಂಚದ ಕಾಲಿನ ನಾಲ್ಕು ಗುರುತುಗಳನ್ನು ನೆಲದಿಂದ ಒರೆಸಿದ. ಅವನು ಇಡೀ ಕೆಲಸವನ್ನು ಅವಸರವಿಲ್ಲದೆ, ಬಹಳ ಜತನದಿಂದ ಮಾಡಿದ.

ಅವ್ವ ಬಂದವಳು ಚೀಲವನ್ನು ಕೈಯಲ್ಲೇ ಹಿಡಿದು ನಿಂತಳು. ಅಪ್ಪ ಆಗ ಎಲ್ಲ ಹೇಳಿದ.

"ಅವಂಗ ನಾಚಿಕಿ ಆಗಬಾರದಂತ ತಗದೀನಿ. ಅದನ್ನೆಲ್ಲಾ ನೋಡಿದ್ರ ಅವಂಗ ಅದೇ ನೆನಪಾಗ್ತದ. ನಿನಗ ತಿಳಿಯಂಗಿಲ್ಲ."

"ಅಲ್ಲಿ ಮಂಚ ತಗದ್ರ ಹುಡುಗ ಮನಿಗೆ ಬರ್ತಾನ," ಎಂದಳು ಅವ್ವ. "ಮನ್ಯಾಗಿನ ಮಂಚ ತಗದ್ರ ಎಲ್ಲಿಗೆ ಹೋಗ್ಬೇಕ್ರಿ?"

ಇಳಿಸಿರಿ ಎಂದು ಅವ್ವ ಸಂಜೆಯವರೆಗೆ ಹೇಳಿದಳು. ಒಮ್ಮೆ ನನ್ನ ಕಡೆ ತಿರುಗಿ, ಬಾ ನಾವಿಬ್ಬರೇ ಇಳಿಸೋಣ ಎಂದಳು. ನಾನು ಅಪ್ಪನ ಮುಖ ನೋಡಿದೆ, ಏಳಲಿಲ್ಲ. ಕೊನೆಗೆ ಅವಳು ತನ್ನ ತವರಿನಿಂದ ತಂದಿದ್ದ ಹೊಸ ಕೌದಿಯನ್ನು ನನ್ನ ಮಂಚದ ಪಕ್ಕ ನೆಲಕ್ಕೆ ಹಾಸಿದಳು.

ಗುರುವಾರ ಅಪ್ಪ ಬೇಕೆಂದೇ ಬೇಗ ಕೆಲಸಕ್ಕೆ ಹೋದ. ಹೊಳ್ಳಿದವನ ಎದುರು ಉಸ್ತಾದ್ ನಿಲ್ಲಬಾರದು ಎನ್ನುವುದೂ ಆ ಪದ್ಧತಿಯ ಭಾಗವಾಗಿತ್ತು. ಅಣ್ಣ ಮಧ್ಯಾಹ್ನ ಬಂದ. ಹೆಗಲ ಮೇಲೆ ಟ್ರಂಕು, ಕೈಯಲ್ಲಿ ಪೇಠಾ ಮಿಠಾಯಿಯ ಡಬ್ಬಿ. ಬಾಗಿಲಲ್ಲಿ ನಿಂತು ಕೋಣೆಯನ್ನು ನೋಡಿದ. ಗೋಡೆಯ ಗೂಟಗಳನ್ನು ನೋಡಿದ. ತಿರುಗಿ ಅಂಗಳದ ಕುಂಡಗಳನ್ನು ನೋಡಿದ. ಆಗ್ರಾದ ಬ್ಯಾರಕಿನಲ್ಲಿ ಅವನು ಎರಡು ದಿನದ ಹಿಂದೆ ಬಿಟ್ಟು ಬಂದದ್ದು ಏನೆಂದು ಅವನಿಗೆ ಗೊತ್ತಿತ್ತು. ಇದು ಏನೆಂದು ಹೇಳಿಕೊಡುವ ಅಗತ್ಯ ಇರಲಿಲ್ಲ.

"ಶೈಲೂ, ಯಾರ್ ತಗದ್ರು?"

"ಅಪ್ಪ," ಎಂದೆ. ನಾನು ಹಿಡಿದ ತುದಿಯ ವಿಷಯ ಹೇಳಲಿಲ್ಲ.

ಅವ್ವ ಜುಣಕ, ರೊಟ್ಟಿ, ಮೊಸರು ಬಡಿಸಿದಳು. ಅವನು ಪೂರ್ತಿ ಉಂಡ. ಕೈ ತೊಳೆದು, ನೆಲದ ಮೇಲಿನ ಕೌದಿಯನ್ನು ಮಡಿಸಿ ಅವ್ವನ ಕೈಗೆ ಕೊಟ್ಟ.

"ಬೀಗರ ಮನಿಗೆ ಬಂದಂಗಾತಬೇ. ನಾ ಮಾಮಾನ ಕಡೆ ಇರ್ತೀನಿ."

ಅವ್ವನ ತಮ್ಮ ಸಿದ್ದಮಾಮ ವಾಕಡದಲ್ಲಿ ಕಟ್ಟಡದ ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮನಾಗಿದ್ದ. ಆಗ ವಾಕಡ ಇನ್ನೂ ಹೊಲ, ನಡುನಡುವೆ ತಗಡಿನ ಶೆಡ್ಡುಗಳು. ಅಂಥ ಒಂದು ಶೆಡ್ಡಿಗೆ ಅಣ್ಣ ಟ್ರಂಕು ಹೊತ್ತುಕೊಂಡು ಹೋದ. ಅವ್ವ ಬಸ್ ಸ್ಟಾಪಿನವರೆಗೆ ಅವನ ಹಿಂದೆ ಹೋಗಿ ಒಬ್ಬಳೇ ವಾಪಸ್ ಬಂದಳು.

ಶುಕ್ರವಾರ ಬೆಳಿಗ್ಗೆ ಏಳೂಕಾಲಿಗೆ ನಾವು ಸಾಲಿನಲ್ಲಿ ನಿಂತೆವು. ಅವ್ವ ನನ್ನ ಹಿಂದೆ ಬಂದಳು. ಆದರೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಳು.

"ನಾಲ್ಕು ಓಕೆ."

"ಮೂರು ಅನ್ನು," ಎಂದ ಅಪ್ಪ, ತಿರುಗದೆ.

"ನನ್ನ ನಂಬರ ನಾಲ್ಕು. ಮೂರು ಅವಂದು. ಕೇಳಿದ ಮ್ಯಾಲ ದಾಟ್ರಿ."

ನಾನು ಎರಡು ಎನ್ನಲಿಲ್ಲ. ಎನ್ನುವಂತಿರಲಿಲ್ಲ. ಅಪ್ಪ ಹೊಸ್ತಿಲ ಮುಂದೆ ನಿಂತೇ ಇದ್ದ. ಅವನು ಒಂದು ಹೆಜ್ಜೆ ಇಟ್ಟಿದ್ದರೆ ಮುಗಿಯುತ್ತಿತ್ತು. ಅವನನ್ನು ತಡೆದದ್ದು ಅವ್ವನ ಸಿಟ್ಟಲ್ಲ. ಎಣಿಕೆ ಪೂರ್ತಿಯಾಗದೆ ಅವನ ಕಾಲು ಏಳುತ್ತಿರಲಿಲ್ಲ. ಹಡಪಸರದ ಬಸ್ಸು ಬಂದು ಹೋದ ಸದ್ದು ಬೀದಿಯ ತುದಿಯಿಂದ ಕೇಳಿಸಿತು. ಸ್ವಲ್ಪ ಹೊತ್ತಿಗೆ ಎರಡನೆಯ ಬಸ್ಸೂ ಹೋಯಿತು. ಆಗ ಅಪ್ಪ ಬಗ್ಗಿ ಬೂಟಿನ ಲಾಡಿ ಬಿಚ್ಚಿದ. "ಶೈಲೂ, ಬಾ," ಎಂದು ಜಿನೆ ಹತ್ತಿದ. ಮಂಚ ಇಳಿಸುವುದು ಏರಿಸಿದ್ದಕ್ಕಿಂತ ಕಷ್ಟವಾಯಿತು. ಗೂಟವನ್ನು ಅವನು ಮೊದಲಿನ ತೂತಿಗೇ ಹೊಡೆದ, ಸಾಬೂನು ಪುಡಿಯಾಗಿ ನೆಲದ ಮೇಲೆ ಬಿತ್ತು. ಕುಂಡಗಳನ್ನು ಅವ್ವ ತಾನೇ ಇಳಿಸಿದಳು.

ಭಾನುವಾರ ಅಪ್ಪ ವಾಕಡಕ್ಕೆ ಹೋದ. ಅಣ್ಣ ಶನಿವಾರವೇ ರಜೆ ಮುಗಿಯುವ ಮೊದಲು ತನ್ನ ದಳಕ್ಕೆ ಹೊರಟುಹೋಗಿದ್ದ. ಅಪ್ಪ ಮಾಮಾನ ಶೆಡ್ಡಿನಲ್ಲಿ ಕೂರಲಿಲ್ಲ, ಚಹಾ ಕುಡಿಯಲಿಲ್ಲ, ಬಂದ ಬಸ್ಸಿಗೇ ಮರಳಿದ. ಆ ವಾರ ಅಣ್ಣನಿಗೆ ಒಂದು ಅಂಚೆ ಕಾರ್ಡು ಬರೆದ. ಹಾಕುವ ಮೊದಲು ನಾನು ಓದಿದೆ. ಅದರಲ್ಲಿ ಇದ್ದದ್ದು ಇಷ್ಟು: ಮಂಚ ಜಾಗಕ್ಕೆ ಬಂದಿದೆ. ಉತ್ತರ ಬರಲಿಲ್ಲ.

ಮುಂದಿನ ನಾಲ್ಕು ವರ್ಷ ಅಣ್ಣ ರಜೆಗೆ ಬಂದರೆ ವಾಕಡದಲ್ಲಿ ಇರುತ್ತಿದ್ದ. ಅವ್ವ ರೊಟ್ಟಿ ಕಟ್ಟಿಕೊಂಡು ಎರಡು ಬಸ್ ಬದಲಿಸಿ ಹೋಗುತ್ತಿದ್ದಳು. ಅಪ್ಪನಿಗೆ ಗೊತ್ತಿತ್ತು. ಆ ದಿನಗಳಲ್ಲಿ ಸಂಜೆ, "ಬಾಡಿಗಿ ಮಂಚದ ಮ್ಯಾಲ ಮಲಗ್ತಾನೋ, ನೆಲದ ಮ್ಯಾಲೋ?" ಎಂದು ಅವ್ವನನ್ನು ಕೇಳುತ್ತಿದ್ದ. ಪ್ರತಿ ಭಾನುವಾರ ಅಣ್ಣನ ಹಾಸಿಗೆಯನ್ನು ಅಂಗಳದಲ್ಲಿ ಝಾಡಿಸಿ, ಬಿಸಿಲಿಗೆ ಹಾಕಿ, ಸುಕ್ಕು ತೆಗೆದು ಹಾಸುತ್ತಿದ್ದ. ಚಾದರದ ಇನ್ನೊಂದು ತುದಿಯನ್ನು ನಾನು ಹಿಡಿಯುತ್ತಿದ್ದೆ. ಬೆಳಗಿನ ಎಣಿಕೆ ನಿಂತುಹೋಗಿತ್ತು. ನಿಲ್ಲಿಸೋಣ ಎಂದು ಯಾರೂ ಹೇಳಲಿಲ್ಲ.

ಎಂಟನೆಯ ಇಯತ್ತೆಯ ರಜೆಯಲ್ಲಿ ಅವ್ವನ ಜೊತೆ ವಾಕಡಕ್ಕೆ ಹೋದಾಗ ನಾನು ಅಣ್ಣನಿಗೆ ಮಂಚದ ಇನ್ನೊಂದು ತುದಿಯ ವಿಷಯ ಹೇಳಿದೆ. ಅವನು ಇಟ್ಟಿಗೆಯ ರಾಶಿಯ ಮೇಲೆ ಕುಳಿತು ಶೇಂಗಾ ತಿನ್ನುತ್ತಿದ್ದ.

"ಗೊತ್ತಿತ್ತು. ಆ ಜಿನ್ಯಾಗ ಒಬ್ಬಾಂವ ಮಂಚ ಹೊಳ್ಳಸಾಕ ಬರಂಗಿಲ್ಲ."

ಹಾಗಾದರೆ ಮನೆಗೆ ಯಾಕೆ ಬರುವುದಿಲ್ಲ ಎಂದು ಕೇಳಿದೆ. ಅವನು ಸಿಪ್ಪೆಗಳನ್ನು ಅಂಗೈಯಿಂದ ಕೆಳಗೆ ಸುರಿದ.

"ಮೊದಲನೇದು ಜಿಗಿದ್ನಿ, ಶೈಲೂ. ಎರಡನೇದಕ್ಕ ಹಸರ ದೀಪ ಹತ್ತಿತು, ಉಸ್ತಾದ್ ಭುಜ ತಟ್ಟಿದ್ರು. ಕಾಲ ಏಳಲಿಲ್ಲ. ಅಷ್ಟ. ಹೇಡಿ ಅಂತ ಅಪ್ಪ ಬೈದಿದ್ರ ನಾ ಮನ್ಯಾಗ ಇರ್ತಿದ್ನಿ. ಬೈಲಿಲ್ಲ. ನಾ ಹುಟ್ಟೇ ಇಲ್ಲ ಅನ್ನೂಹಂಗ ನೆಲಾ ಒರಸಿದ."

ಇದನ್ನು ನಾನು ಅಪ್ಪನಿಗೆ ಹೇಳಲಿಲ್ಲ. ಅವ್ವನಿಗೆ ಹೇಳಿದೆ. ಅವ್ವ ಅಪ್ಪನಿಗೆ ಹೇಳಿದಳೋ ಇಲ್ಲವೋ ನನಗೆ ಗೊತ್ತಿಲ್ಲ.

2003ರ ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪನ ಮೊಣಕಾಲು ಪೂರ್ತಿ ಕೆಟ್ಟಿತು. ಆಪರೇಷನ್ ಮಾಡಿ ಕೀಲು ಬದಲಿಸಬೇಕು ಎಂದು ಡಾಕ್ಟರು ಹೇಳಿದರು. ಅಪ್ಪ ಒಮ್ಮೆ ದಿನ ಗೊತ್ತುಮಾಡಿ ಹೋಗಲಿಲ್ಲ. ಡ್ಯೂಟಿ ಇದೆ ಎಂದ. ಎರಡನೆಯ ಸಲ ದಿನ ಗೊತ್ತಾದಾಗ ಅವ್ವ ಅಣ್ಣನಿಗೆ ಫೋನ್ ಮಾಡಿಸಿದಳು. ಅವನು ರಜೆ ಹಾಕಿ ಹಿಂದಿನ ಸಂಜೆ ವಾಕಡಕ್ಕೆ ಬಂದಿಳಿದು, ಬೆಳಿಗ್ಗೆ ರಿಕ್ಷಾ ತೆಗೆದುಕೊಂಡು ನಮ್ಮ ಬಾಗಿಲಿಗೆ ಬಂದ. ನಾಲ್ಕು ವರ್ಷದ ಮೇಲೆ ಅಪ್ಪ ಮಗ ಆಡಿದ ಮೊದಲ ಮಾತು ಇದು:

"ಚೀಲ ಎಲ್ಲೈತಿ?"

"ಮಂಚದ ಮ್ಯಾಲ."

ಅಣ್ಣ ಒಳಗೆ ಹೋದ. ಚೀಲ ಎತ್ತಿಕೊಳ್ಳಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಒಳಗಿದ್ದು ಬಂದ.

ಹೊರಡುವಾಗ ಯಾರೂ ಹೇಳದೆ ಸಾಲಾಯಿತು. ಹೊಸ್ತಿಲ ಬಳಿ ಕೋಲು ಹಿಡಿದು ಅಪ್ಪ. ಅವನ ಹಿಂದೆ ಎಕ್ಸ್‌ರೇ ಲಕೋಟೆ ಹಿಡಿದ ನಾನು. ಚೀಲ ಹೊತ್ತ ಅಣ್ಣ. ಕೊನೆಗೆ ಅವ್ವ. ಅವಳು ಅಣ್ಣನ ಹೆಗಲ ಮೇಲಿನ ಪಟ್ಟಿಯನ್ನು ಎಳೆದು ನೋಡಿದಳು.

"ನಾಲ್ಕು ಓಕೆ."

ಬೀದಿಯಲ್ಲಿ ರಿಕ್ಷಾದ ಎಂಜಿನ್ ನಡೆಯುತ್ತಿತ್ತು. ನಾನು ತಿರುಗಿ ನೋಡಲಿಲ್ಲ, ಸಾಲಿನಲ್ಲಿ ತಿರುಗಬಾರದು. ನನ್ನ ಭುಜದ ಮೇಲೆ ಕೈ ಬಿತ್ತು.

"ಮೂರು ಓಕೆ."

"ಎರಡು ಓಕೆ," ಎಂದು ನಾನು ಅಪ್ಪನ ಭುಜ ತಟ್ಟಿದೆ.

ಅಪ್ಪ ಒಂದು ಎನ್ನಲಿಲ್ಲ. ಅವನ ಕೋಲು ಗೋಡೆಗೆ ಒರಗಿತ್ತು. ಎರಡೂ ಕೈಗಳು ಬಾಗಿಲ ಚೌಕಟ್ಟನ್ನು ಹಿಡಿದಿದ್ದವು. ಅವನ ಬೆನ್ನಿನ ಅಂಗಿ ಒದ್ದೆಯಾಗುತ್ತಿರುವುದು ನನಗೆ ಹತ್ತಿರದಿಂದ ಕಾಣುತ್ತಿತ್ತು. ರಿಕ್ಷಾದವನು ಎರಡು ಸಲ ಹಾರ್ನ್ ಹೊಡೆದ. ಅವ್ವ ಏನೋ ಹೇಳಹೊರಟದ್ದು ಕೇಳಿಸಿತು. ಅಣ್ಣ ಅವಳನ್ನು ತಡೆದ. ನನ್ನನ್ನು ದಾಟಿ ಮುಂದೆ ಬಂದು, ಅಪ್ಪನ ಪಕ್ಕದಿಂದ ಬಗ್ಗಿ ಅಂಗಳವನ್ನೂ ಆಕಾಶವನ್ನೂ ನೋಡಿದ.

"ಇವತ್ತ ಗಾಳಿ ಜೋರ ಐತಿ, ಅಪ್ಪಾ. ಆಗಂಗಿಲ್ಲ."

ಅಂಗಳದ ತುಳಸಿಯ ಒಂದು ಎಲೆಯೂ ಅಲುಗಾಡುತ್ತಿರಲಿಲ್ಲ. ಅಪ್ಪ ಅದನ್ನು ಸ್ವಲ್ಪ ಹೊತ್ತು ನೋಡಿದ.

"ಹೌದು," ಎಂದ. "ಭಾಳ ಜೋರ ಐತಿ."

ಅಣ್ಣ ಚೌಕಟ್ಟಿನಿಂದ ಅವನ ಕೈ ಬಿಡಿಸಲಿಲ್ಲ. ಅಪ್ಪ ತಾನಾಗಿ ಬಿಡುವವರೆಗೆ ಪಕ್ಕದಲ್ಲಿ ನಿಂತ. ಆಮೇಲೆ ಅವನನ್ನು ಮುಂದಿನ ಕೋಣೆಯ ತನ್ನ ಮಂಚದ ಮೇಲೆ ಕೂರಿಸಿದ. ರಿಕ್ಷಾದವನನ್ನು ಕಳಿಸಿದ. ಆಸ್ಪತ್ರೆಯ ಚೀಲವನ್ನು ಎಲ್ಲರ ಎದುರಿಗೇ ಬಿಚ್ಚಿ, ಟವೆಲನ್ನು ಮೂರನೆಯ ಗೂಟಕ್ಕೆ ಹಾಕಿದ. ಅವ್ವ ಒಲೆ ಹೊತ್ತಿಸಿದಳು. ಉಪ್ಪಿಟ್ಟು ತಿನ್ನುವಾಗ ಅಪ್ಪ ಅಣ್ಣನನ್ನು ಕೇಳಿದ.

"ಮೊದಲನೇದಕ್ಕ ಹೆಂಗ ಇಳದಿ?"

"ಮೊಣಕಾಲು ಕೂಡಿದ್ವು."

"ಗದ್ದ?"

"ಎದಿಗೆ ಹಚ್ಚಿದ್ನಿ."

"ಚಲೋ ಆತು," ಎಂದ ಅಪ್ಪ.

ಅಣ್ಣ ಆ ರಜೆಯ ಉಳಿದ ಒಂಬತ್ತು ದಿನ ಬಿಬವೇವಾಡಿಯಲ್ಲೇ ಇದ್ದ. ಮಂಚ ಅಪ್ಪನಿಗೆ, ಅವನು ಕೆಳಗೆ ಕೌದಿಯ ಮೇಲೆ. ಕೆಲವು ವರ್ಷಗಳ ಮೇಲೆ ಆ ಮನೆ ಕೆಡವಿ ಫ್ಲ್ಯಾಟು ಕಟ್ಟಲು ಶಿಂದೆ ಕಾಕು ಜಾಗ ಕೊಟ್ಟರು. ಸಾಮಾನು ಕಟ್ಟುವಾಗ ನೀಲಿ ರಟ್ಟಿನ ಪುಸ್ತಕವನ್ನು ನಾನು ತೆರೆದು ನೋಡಿದೆ. ಅಪ್ಪನ ನಿವೃತ್ತಿಯ ನಂತರ ಅದರಲ್ಲಿ ಒಂದೇ ಒಂದು ಸಾಲು ಸೇರಿತ್ತು. ಆ ಬೆಳಗಿನ ತಾರೀಖು. ವಿಮಾನ ಮತ್ತು ಎತ್ತರದ ಕಾಲಮ್ಮಿನಲ್ಲಿ ಗೆರೆ. ಷರಾ: ಗಾಳಿ ಜೋರು, ಜಂಪ್ ರದ್ದು.

ಮಂಚ ಈಗ ವಾಕಡದಲ್ಲಿ, ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿದೆ. ಅಪ್ಪ ಅದರ ಮೇಲೆ ಮಲಗುತ್ತಾನೆ. ಆಪರೇಷನ್ ಇನ್ನೂ ಆಗಿಲ್ಲ.